ಸೊಸೆಯ ಗಂಟಲಿಗೆ ಅತ್ತೆ ಕುಡಿದ ಔಷಧಿ

ಕಾಯಿಲೆ ಎಂದಮೇಲೆ ಅದಕ್ಕೊಂದು ಮಾನವಂತ ಕಾರಣ ಇರಬೇಕು ಎಂದು ನಂಬಿ ಬೆಳೆದವಳು ನಾನು. ನನ್ನ ತವರು ಹೂಟಗಳ್ಳಿಯಲ್ಲಿ ನೆಗಡಿ ಬಂದರೆ ಒದ್ದೆ ತಲೆಯಲ್ಲಿ ಮಲಗಿದ್ದಕ್ಕೆ, ಹೊಟ್ಟೆ ನೊಂದರೆ ಹಸಿ ಕಡಲೆಕಾಯಿ ತಿಂದು ಮೇಲೆ ನೀರು ಕುಡಿದದ್ದಕ್ಕೆ, ಇವೆರಡೂ ಅಲ್ಲದೆ ಬೇರೇನಾದರೂ ಆದರೆ ಯಾರದೋ ಕಣ್ಣು ಬಿದ್ದದ್ದಕ್ಕೆ. ನೆಗಡಿಗೆ ಮೆಣಸಿನ ಕಷಾಯ, ಹೊಟ್ಟೆಗೆ ಓಮ, ಕಣ್ಣಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಇಷ್ಟರಲ್ಲಿ ವಾಸಿಯಾಗದವರು ಶಿವನ ಪಾದ ಸೇರುತ್ತಿದ್ದರು. ಅವರೂ ಯಾರನ್ನೂ ದೂರುತ್ತಿರಲಿಲ್ಲ. ಮನಸ್ಸಿನಿಂದ ಕಾಯಿಲೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಮ್ಮವ್ವ, "ಮನಸ್ಸು ಮಡಿಕೊಳ್ಳಾಕೆ ನಮಗೆಲ್ಲಿ ಪುರುಸೊತ್ತು?" ಎಂದು ರಾಗಿ ಬೀಸುವುದನ್ನು ಮುಂದುವರಿಸುತ್ತಿದ್ದಳು. ನಾನು ಅವಳದೇ ಮಗಳು. ಮೈಸೂರಿಗೆ ಸೊಸೆಯಾಗಿ ಬಂದು, ಒಂಟಿಕೊಪ್ಪಲಿನ ಈ ಮನೆಯಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿ, ಯಜಮಾನರನ್ನು ಮಣ್ಣಿಗಿಟ್ಟು ಬಂದ ಮೇಲೂ ಹಗಲು ಹೊತ್ತು ಚಾಪೆ ಬಿಡಿಸಿದವಳಲ್ಲ. ಇದನ್ನು ಜಂಭ ಎನ್ನುವವರಿದ್ದಾರೆ. ಇರಲಿ. ಜಂಭ ಪಡುವಂಥದ್ದು ನನ್ನಲ್ಲಿ ಇದ್ದರೆ ನಾನೇನು ಮಾಡಲಿ?

ಹಾಗೆ ನೋಡಿದರೆ ಮನಸ್ಸಿನ ಕಾಯಿಲೆ ನಮ್ಮ ಮನೆಯಲ್ಲೇ ಬಹಳ ಕಾಲ ಊಟ ಮಾಡಿಕೊಂಡು ಇತ್ತು, ನನಗೆ ಗುರುತು ಸಿಕ್ಕಿರಲಿಲ್ಲ ಅಷ್ಟೆ. ನಮ್ಮ ಯಜಮಾನರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವರ ಅಣ್ಣ, ಅಂದರೆ ನಮ್ಮ ಭಾವನವರು, ಊರಿನಿಂದ ಆಗಾಗ ಗಾಡಿ ಕಟ್ಟಿಸಿಕೊಂಡು ಬಂದು, ಅಂಗಡಿ ಹೀಗೆ ನಡೆಸಬೇಕು ಹಾಗೆ ನಡೆಸಬೇಕು ಎಂದು ತಮ್ಮನಿಗೆ ಬುದ್ಧಿ ಹೇಳುವರು. ಅವರ ಗಾಡಿ ಬಾಗಿಲಲ್ಲಿ ನಿಂತಿತು ಎಂದರೆ ಇವರಿಗೆ ತಲೆನೋವು ಶುರು. ನಾನು ಒಣಶುಂಠಿ ತೇಯ್ದು ಹಣೆಗೆ ಹಚ್ಚುವೆ. ಹಚ್ಚಿಕೊಂಡು ಕಣ್ಣು ಮುಚ್ಚಿ ಮಲಗುವರು. ಮಲಗಿದವರಿಗೆ ಬುದ್ಧಿ ಹೇಳುವುದು ಹೇಗೆ? ಭಾವನವರು ರೊಟ್ಟಿ ತಿಂದು ಗಾಡಿ ಹತ್ತುವರು. ಗಾಡಿ ಬೀದಿಯ ತಿರುವು ದಾಟುವ ಹೊತ್ತಿಗೆ ಇವರು ಎದ್ದು ಕೂತು, "ಸ್ವಲ್ಪ ಕಾಫಿ ಮಾಡ್ತೀಯೇನೇ?" ಎನ್ನುವರು. ನನ್ನ ಶುಂಠಿಗೆ ಬಂದ ಕೀರ್ತಿ ಅಷ್ಟಿಷ್ಟಲ್ಲ. ಅಕ್ಕಪಕ್ಕದವರು ತಲೆನೋವಿಗೆ ನನ್ನ ಕೈಯಲ್ಲೇ ತೇಯಿಸಿಕೊಂಡು ಹೋಗುವರು. ಅವರ ಮನೆಗೆ ಅಣ್ಣ ಬಂದಿರದ ಕಾರಣ ಅವರಿಗೆ ಗುಣವಾಗುತ್ತಿರಲಿಲ್ಲ.

ಈಗ ಹೇಳಹೊರಟಿದ್ದು ನನ್ನ ಸೊಸೆ ಗಿರಿಜೆಯ ವಿಷಯ. ನಮ್ಮ ಮಾದೇವನಿಗೆ ಹೆಣ್ಣು ನೋಡಲು ನಂಜನಗೂಡಿಗೆ ಹೋಗಿದ್ದಾಗ ಪದ್ಧತಿಯಂತೆ, "ಹುಡುಗಿ ಒಂದು ಹಾಡು ಹೇಳಲಿ" ಎಂದೆವು. ಅವಳು ಒಂದು ವಚನ ಹಾಡಿದಳು. ನನ್ನ ಬಾಯಲ್ಲಿದ್ದ ಉಪ್ಪಿಟ್ಟು ಬಾಯಲ್ಲೇ ನಿಂತಿತು. ಮಗನ ಮುಖ ಕೂಡ ನೋಡದೆ, "ಆಯ್ತು, ಎಲೆ ಅಡಿಕೆ ತನ್ನಿ" ಎಂದೆ. ದಾರಿಯಲ್ಲಿ ಮಾದೇವ, "ಅವ್ವ, ಮೂಗು ಸ್ವಲ್ಪ ಮೊಂಡಲ್ವಾ?" ಎಂದ. "ಮೂಗಲ್ಲಿ ಹಾಡಾಕಿಲ್ಲ ಬುಡೋ" ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು. ಬೀದಿಯಲ್ಲಿ ಬೇರೆ ಅತ್ತೆಯರು ಸೊಸೆಯರಿಗೆ ಸೌಟು ಕೊಟ್ಟರೆ ನಾನು ಶ್ರುತಿಪೆಟ್ಟಿಗೆ ಕೊಟ್ಟೆ. ಪಾಠ ಹೇಳಲು ಮೇಷ್ಟರನ್ನು ಗೊತ್ತು ಮಾಡಿದೆ. ಅವಳು ಸಾಧನೆಗೆ ಕೂತರೆ ಅಡಿಗೆ ನನ್ನದು. ಮುದ್ದೆ ತೊಳಸುತ್ತ ಅವಳ ಹಾಡಿಗೆ ತಲೆದೂಗಿ ಎಷ್ಟೋ ಸಲ ಮುದ್ದೆಯಲ್ಲಿ ಗಂಟು ಉಳಿದಿದೆ. ಅಂಥ ಮುದ್ದೆಯನ್ನು ಮನೆಯವರೆಲ್ಲ ಬಾಯಿಮುಚ್ಚಿಕೊಂಡು ತಿಂದಿದ್ದಾರೆ.

ಆಗ ರೇಡಿಯೋ ಸ್ಟೇಷನ್ನು ನಮ್ಮ ಮೈಸೂರಿನಲ್ಲೇ ಇತ್ತು. ಆಮೇಲೆ ಅದನ್ನು ಬೆಂಗಳೂರಿಗೆ ಎತ್ತಿಕೊಂಡು ಹೋದರು, ಆ ಹೊಟ್ಟೆಯುರಿ ಬೇರೆ. ಮೇಷ್ಟರ ಒತ್ತಾಯಕ್ಕೆ ಗಿರಿಜೆ ಅಲ್ಲಿ ಹಾಡಲು ಅರ್ಜಿ ಹಾಕಿದ್ದಳು. ದಸರೆಗೆ ಸ್ವಲ್ಪ ಮುಂಚೆ, "ವಿಜಯದಶಮಿ ಕಳೆದ ಮೇಲೆ ಇಂಥ ದಿನ ಬನ್ನಿ, ದನಿ ಪರೀಕ್ಷೆ ಮಾಡುತ್ತೇವೆ, ಚೆನ್ನಾಗಿದ್ದರೆ ಹಾಡಿಸುತ್ತೇವೆ" ಎಂದು ಕಾಗದ ಬಂತು. ಇಂಗ್ಲಿಷಿನಲ್ಲಿದ್ದದ್ದನ್ನು ಮಾದೇವ ಓದಿ ಹೇಳಿದ. ಅದರಲ್ಲಿದ್ದ 'ಚೆನ್ನಾಗಿದ್ದರೆ' ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಚೆನ್ನಾಗಿಲ್ಲದೆ ಏನು? ನಾನು ಆವತ್ತೇ ಸೆರಗು ಕೊಡವಿಕೊಂಡು ಹೊರಟೆ. "ನನ್ನ ಸೊಸೆ ರೇಡಿಯೋದಲ್ಲಿ ಹಾಡ್ತಾಳೆ." ಎದುರು ಮನೆಯ ಸಾವಿತ್ರಮ್ಮನವರಿಗೆ ಹೇಳಿದೆ. ಅವರ ಯಜಮಾನರು ಅಮಲ್ದಾರರಾಗಿದ್ದು ನಿವೃತ್ತರಾದವರು, ಬೀದಿಗೆಲ್ಲ ರೇಡಿಯೋ ಇದ್ದದ್ದು ಅವರೊಬ್ಬರ ಮನೆಯಲ್ಲೇ. ಹಿಂದಿನ ಮನೆಯ ನಂಜಮ್ಮನಿಗೆ ಗೋಡೆಯ ಮೇಲಿಂದಲೇ ಹೇಳಿದೆ. ಹಾಲಿನವಳಿಗೆ, ಮಾರ್ಕೆಟ್ಟಿನ ವೀಳ್ಯದೆಲೆಯವನಿಗೆ, ಮಠದ ಅಯ್ಯನವರಿಗೆ, ಬೆಟ್ಟದಲ್ಲಿ ಹಣ್ಣುಕಾಯಿ ಮಾರುವವಳಿಗೆ ಹೇಳಿದೆ. ಹೂಟಗಳ್ಳಿಗೆ ಹೇಳಿಕಳಿಸಿದೆ. ಅಲ್ಲಿಂದ ನಮ್ಮ ತಮ್ಮ, ಗಾಡಿ ಕಟ್ಟಿಕೊಂಡು ಎಲ್ಲರೂ ಬರುತ್ತೇವೆ, ಸಾವಿತ್ರಮ್ಮನವರ ಅಂಗಳದಲ್ಲಿ ಜಾಗ ಹಿಡಿದಿರು ಎಂದು ಹೇಳಿಕಳಿಸಿದ. ನಾನು ಜಾಗವನ್ನೂ ಹಿಡಿದೆ.

ನವರಾತ್ರಿ ಶುರುವಾಗುವ ಹೊತ್ತಿಗೆ ಗಿರಿಜೆಯ ಸ್ವರ ಹೋಯಿತು. ಬೆಳಗ್ಗೆ ಎದ್ದು, "ಅತ್ತೆ, ಹಾಲು ಕಾಯಿಸ್ಲಾ?" ಎಂದು ಕೇಳಹೊರಟಳು. ತುಟಿ ಆಡಿತು, ಗಾಳಿ ಬಂತು, ಮಾತು ಬರಲಿಲ್ಲ. ನೆಗಡಿಯಿಲ್ಲ, ಜ್ವರವಿಲ್ಲ, ನೋವಿಲ್ಲ. ನಾನೇನು ಸುಮ್ಮನಿರುವವಳೇ? ಕಾಳುಮೆಣಸಿನ ಕಷಾಯ ಕುಡಿಸಿದೆ. ಅತಿಮಧುರದ ಕಡ್ಡಿ ಜಗಿಸಿದೆ. ಸುಣ್ಣ ಬೆಲ್ಲ ಕಲಸಿ ಗಂಟಲಿಗೆ ಪಟ್ಟು ಹಾಕಿದೆ. ದೊಡ್ಡಪತ್ರೆ ಬಾಡಿಸಿ ರಸ ಹಿಂಡಿದೆ. ಬೀದಿ ಬಾಗಿಲಲ್ಲೇ ನಿಲ್ಲಿಸಿ, ಕಂಡವರೆಲ್ಲ ಕಾಣಲಿ ಎಂದು ದೃಷ್ಟಿ ತೆಗೆದೆ. ಮೆಣಸಿನಕಾಯಿ ಘಾಟಿಗೆ ದಾರಿಹೋಕರು ಕೆಮ್ಮಿದರು. ಗಿರಿಜೆ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಘಾಟಿಗೆ ಎಂದುಕೊಂಡೆ.

ನಮ್ಮ ಮೈಸೂರಿನ ಗೊಂಬೆ ಕೂರಿಸುವ ಹಬ್ಬ ನಿಮಗೆ ಗೊತ್ತೇ ಇದೆ. ಗೊಂಬೆ ನೋಡಲು ಹೋದ ಹೆಂಗಸರನ್ನು ಅರಿಶಿನ ಕುಂಕುಮ ಕೊಟ್ಟು ಹಾಗೇ ಕಳಿಸುವುದಿಲ್ಲ. "ಒಂದು ಹಾಡು ಹೇಳಮ್ಮ" ಎನ್ನುತ್ತಾರೆ. ಯಾರನ್ನು ಕೇಳಿದರೂ ಮೊದಲು, "ಅಯ್ಯೋ, ಗಂಟಲು ಸರಿಯಿಲ್ಲ ಕಣ್ರೀ" ಎನ್ನಬೇಕು. ಅದು ಮರ್ಯಾದೆ. ಆಮೇಲೆ ಕೂತು ಎದ್ದೇಳುವುದನ್ನೇ ಮರೆತು ಹಾಡಬೇಕು, ಅದೂ ಮರ್ಯಾದೆಯೇ. ಗಂಟಲು ಸರಿಯಿದೆ ಎಂದು ಯಾರಾದರೂ ಹಾಡಿದ್ದನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಸಾವಿತ್ರಮ್ಮನವರ ಮನೆಯಲ್ಲಿ ಗೊಂಬೆ ಆರತಿಗೆ ಹೋಗಿದ್ದೆವು. "ಗಿರಿಜಾ, ಶುರು ಮಾಡಮ್ಮ, ರೇಡಿಯೋ ವಿದುಷಿ!" ಎಂದರು ಸಾವಿತ್ರಮ್ಮ. ಇವಳು ಗಂಟಲು ಮುಟ್ಟಿ ತೋರಿಸಿ ಪಿಸುಗುಟ್ಟಿದಳು. ಎಲ್ಲರೂ ನಕ್ಕರು. "ನೋಡಿದ್ರಾ, ಸಂಗೀತಗಾರ್ತಿ ಆಗ್ಬಿಟ್ಲು, ಗಂಟಲು ಸರಿಯಿಲ್ವಂತೆ!" ನಾನು, "ಇಲ್ಲ ಕಣ್ರೀ, ನಿಜವಾಗ್ಲೂ ಸರಿಯಿಲ್ಲ" ಎಂದೆ. "ಅತ್ತೆಗೂ ಮರ್ಯಾದೆ ಬಂತು!" ಎಂದು ಇನ್ನೂ ನಕ್ಕು, ಅವಳ ಭುಜ ಹಿಡಿದು ಗೊಂಬೆಗಳ ಮುಂದೆ ಕೂರಿಸಿದರು. ಅವಳು ಬಾಯಿ ತೆರೆದಳು. ಬಂದದ್ದು ಉಸಿರು ಒಂದೇ. ಮೆಟ್ಟಿಲ ಮೇಲಿನ ಪಟ್ಟದ ಗೊಂಬೆಗಳು ಎಷ್ಟು ಸುಮ್ಮನಿದ್ದವೋ ಮನೆಯೂ ಅಷ್ಟು ಸುಮ್ಮನಾಯಿತು. ಮೂಲೆಯಲ್ಲಿ ಯಾರೋ, "ಇವಳಾ ರೇಡಿಯೋದಲ್ಲಿ ಹಾಡೋಳು?" ಎಂದರು. ನನ್ನ ಮೈ ಉರಿಯಿತು. ಚರ್ಪು ತೆಗೆದುಕೊಳ್ಳದೆ ಎದ್ದು ಬಂದೆ. ಕಡಲೆಕಾಳಿನ ಉಸಲಿಯಾಗಿತ್ತು, ಘಮ್ಮೆನ್ನುತ್ತಿತ್ತು. ಆದರೂ ಬಂದೆ.

ಮರುದಿನ ತಿರುವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಸದಾಗಿ ಓದಿ ಬಂದು ಅಂಗಡಿ ತೆರೆದಿದ್ದ ಹುಡುಗ ವಯಸ್ಸಿನವರು. ಔಷಧಿಗೆ ಮನೆಯಿಂದಲೇ ಸೀಸೆ ತೊಳೆದು ಒಣಗಿಸಿ ತೆಗೆದುಕೊಂಡು ಹೋಗಿದ್ದೆ. ಅವರು ದೀಪ ಹಾಕಿ ಗಂಟಲೊಳಗೆ ಇಣುಕಿದರು. ಸಣ್ಣ ಕನ್ನಡಿ ಇಟ್ಟು ನೋಡಿದರು. "ಗಂಟಲಲ್ಲಿ ಏನೂ ಇಲ್ಲಮ್ಮ" ಎಂದರು.

"ಅದನ್ನೇ ಹೇಳಾಕೆ ಬಂದಿರೋದು ಡಾಕ್ಟ್ರೇ. ಮೊದಲು ಸ್ವರ ಇತ್ತು, ಈಗ ಏನೂ ಇಲ್ಲ."

ಅವರು ನಗಲಿಲ್ಲ. ಗಿರಿಜೆಗೆ, "ಒಂದು ಸಲ ಕೆಮ್ಮಿ" ಎಂದರು. ಕೆಮ್ಮಿದಳು. ಕೆಮ್ಮು ಸ್ಪಷ್ಟವಾಗಿ ಕೇಳಿಸಿತು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿ, ನನ್ನ ಕಡೆ ತಿರುಗಿ, "ಕೆಮ್ಮಿಗೆ ಇರೋ ಸ್ವರ ಮಾತಿಗೆ ಯಾಕಿಲ್ಲ ಹೇಳಿ?" ಎಂದರು.

"ಅಂಗಾದ್ರೆ ನಾಟಕ ಆಡ್ತಾವ್ಳಾ?"

"ಖಂಡಿತ ಇಲ್ಲ. ನಾಟಕ ಆಡೋರು ನಿಮ್ಮ ಕೈಲಿ ಸುಣ್ಣ ಹಚ್ಚಿಸ್ಕೊಂಡು ಕೂತಿರ್ತಾರಾ? ಪಾಪ, ಚರ್ಮ ಎಲ್ಲ ಕೆಂಪಗಾಗಿದೆ. ಅವರಿಗೆ ನಿಜವಾಗಿಯೂ ಮಾತು ಬರ್ತಿಲ್ಲ. ಮನಸ್ಸು ಹೆದರಿದೆ, ಗಂಟಲು ಬಾಗಿಲು ಹಾಕ್ಕೊಂಡಿದೆ."

"ಮನಸ್ಸಿಗೂ ಗಂಟಲಿಗೂ ಏನ್ ಡಾಕ್ಟ್ರೇ ನೆಂಟಸ್ತಿಕೆ?"

"ಚಾಮುಂಡಿ ಬೆಟ್ಟದ ಅಂಚಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದ್ರೆ ಕಾಲು ನಡುಗುತ್ತೆ ಅಲ್ವಾ?"

"ನಂಗೆ ನಡುಗಾಕಿಲ್ಲ. ನಮ್ಮ ಯಜಮಾನ್ರಿಗೆ ನಡುಗ್ತಿತ್ತು."

"ಯಾಕೆ, ಅವರ ಕಾಲಿಗೆ ಕಣ್ಣಿತ್ತಾ?"

ನನ್ನನ್ನು ಸುಮ್ಮನಾಗಿಸಿದವರು ಮೈಸೂರಿನಲ್ಲಿ ಹೆಚ್ಚು ಜನ ಇಲ್ಲ. ಈ ಹುಡುಗನಿಗೆ ಬುದ್ಧಿಯಿದೆ ಎನ್ನಿಸಿತು. ಶುಂಠಿಯ ವಿಷಯವೂ ತಟ್ಟನೆ ಹೊಳೆಯಿತು. ಸತ್ತ ಗಂಡನ ಮೇಲೆ ಅಲ್ಲೇ ಸ್ವಲ್ಪ ಸಿಟ್ಟೂ ಬಂತು. ಡಾಕ್ಟರು ಎಲ್ಲ ಕೇಳಿದರು. ಕಾಗದ ಬಂದದ್ದು ಹೇಳಿದೆ. "ಯಾರ್ಯಾರಿಗೆ ಗೊತ್ತು?" ಎಂದರು. ಹೆಮ್ಮೆಯಿಂದಲೇ ಹೇಳತೊಡಗಿದೆ. ಹಾಲಿನವಳು, ಎಲೆಯವನು, ಅಯ್ಯನವರು, ಹೂಟಗಳ್ಳಿಯ ಗಾಡಿ, ಅಂಗಳದ ಜಾಗ. ಹೇಳುತ್ತ ಹೋದಂತೆ ಡಾಕ್ಟರ ಹುಬ್ಬು ಮೇಲೆ ಹೋಗುತ್ತ ಇತ್ತು. ಕೊನೆಗೆ, "ಅವರಿಗೆ ಹಾಡೋಕೆ ಆಸೆ ಇದ್ಯಾ?" ಎಂದರು. "ಆಸೆ ಇಲ್ದೆ? ಒಲೆ ಮುಂದೆ ಕೂತ್ರೂ ಬೆರಳಲ್ಲಿ ತಾಳ ಹಾಕ್ತಾ ಇರ್ತಾಳೆ" ಎಂದೆ. "ಹಾಗಾದ್ರೆ ಸರಿಹೋಗುತ್ತೆ. ಇದುವರೆಗೆ ಹಾಡಿದ್ರೆ ಹಾಡು ಅಷ್ಟೇ ಆಗಿತ್ತು. ಈಗ ಅವರು ಬಾಯಿ ತೆರೆದ್ರೆ ನಿಮ್ಮ ಬೀದಿ, ನಿಮ್ಮ ಊರು, ಗಾಡಿ, ಎತ್ತು ಎಲ್ಲಾನೂ ಎತ್ತಬೇಕು. ಯಾವ ಗಂಟಲು ತಾನೇ ಎತ್ತುತ್ತೆ? ನೀವು ಹೋಗಿ ಅಷ್ಟೂ ಜನಕ್ಕೂ ರೇಡಿಯೋ ಇಲ್ಲ ಅಂತ ಹೇಳಿ ಬನ್ನಿ. ಸೊಸೆಗೆ ಮಾತ್ರ ಇದು ಚಿಕಿತ್ಸೆ ಅಂತ ಹೇಳ್ಬೇಡಿ. ಹೇಳಿದ್ರೆ ಅದೂ ಒಂದು ಭಾರ."

"ಔಷಧಿ?" ಎಂದು ಸೀಸೆ ಮುಂದಿಟ್ಟೆ.

"ಇದೇ ಔಷಧಿ. ಕುಡಿಯಬೇಕಾದೋರು ನೀವು."

ಸೀಸೆಯನ್ನು ಖಾಲಿಯಾಗಿಯೇ ವಾಪಸ್ಸು ತಂದೆ. ಕಹಿ ಬೇವು ಕುಡಿ ಎಂದಿದ್ದರೆ ಒಂದೇ ಗುಟುಕಿಗೆ ಕುಡಿದು ಲೋಟ ಬೋರಲು ಹಾಕುತ್ತಿದ್ದೆ. ಆಡಿದ ಜಂಭದ ಮಾತನ್ನು ಮನೆಮನೆಗೆ ಹೋಗಿ ವಾಪಸ್ಸು ಪಡೆಯುವುದೆಂದರೆ! ಅದೂ ಉಸಲಿ ಬಿಟ್ಟು ಎದ್ದು ಬಂದ ಮನೆಗೆ! ಆದರೆ ಬೆಂಚಿನ ಮೇಲೆ ಗಂಟಲಿಗೆ ಸೆರಗು ಸುತ್ತಿಕೊಂಡು ಕೂತಿದ್ದ ಗಿರಿಜೆಯನ್ನು ನೋಡಿದೆ. ಹಾಡುವ ಹಕ್ಕಿಯ ಹಾಗಿದ್ದವಳು ಬಾಯಿ ಹೊಲಿದ ಚೀಲದ ಹಾಗೆ ಕೂತಿದ್ದಳು. ಪರೀಕ್ಷೆಯ ದಿನ ದಾಟಿದರೆ ಇನ್ನೊಮ್ಮೆ ಕರೆಯುವವರು ಯಾರು? ಈಗ ಸ್ವರ ಬಾರದಿದ್ದರೆ ಅದು ಆಮೇಲಾದರೂ ಬರುತ್ತದೆಂದು ಹೇಳುವವರು ಯಾರು? ಆಗಲಿ, ಕುಡಿಯುತ್ತೇನೆ ಎಂದುಕೊಂಡೆ.

ಮೊದಲು ಸಾವಿತ್ರಮ್ಮನವರ ಮನೆ. ನಾಲ್ಕಾರು ಹೆಂಗಸರು ಗೊಂಬೆ ಮುಂದೆ ಕೂತಿದ್ದರು. ಒಳ್ಳೆಯದೇ ಆಯಿತು, ಒಂದೇ ಸಲಕ್ಕೆ ಮುಗಿಯಲಿ ಎಂದು, "ನೋಡಿ ಸಾವಿತ್ರಮ್ಮೋರೆ, ನಮ್ಮ ಗಿರಿಜಾ ರೇಡಿಯೋದಲ್ಲಿ ಹಾಡಾಕಿಲ್ಲ" ಎಂದೆ.

ಸಾವಿತ್ರಮ್ಮ ನನ್ನ ಕೈ ಹಿಡಿದು ಕಣ್ಣು ಮಿಟುಕಿಸಿದರು. "ಗೊತ್ತಾಯ್ತು ಬಿಡಿ. ದೃಷ್ಟಿ ತಾಗುತ್ತೆ ಅಂತ ಹಾಗೆ ಹೇಳ್ತಿದ್ದೀರಿ."

"ಇಲ್ಲ ಕಣ್ರೀ, ನಿಜವಾಗಿ ಇಲ್ಲ."

"ಬಸುರಿ ಅಂತ ಗೊತ್ತಿದ್ರೂ ಮೂರು ತಿಂಗಳು ಇಲ್ಲ ಇಲ್ಲ ಅಂತೀವಲ್ಲ, ಹಾಗೆ" ಎಂದು ಒಬ್ಬಾಕೆ ಉಳಿದವರಿಗೆ ಬಿಡಿಸಿ ಹೇಳಿದಳು.

"ಕರೆದಿದ್ದರು, ಈಗ ಬೇಡ ಅಂದವ್ರೆ."

"ನಮ್ಮ ಹತ್ರಾನೂ ಮುಚ್ಚಿಡ್ತೀರಾ? ಅಂತೂ ದೊಡ್ಡ ಕಛೇರಿಯೇ ಇರಬೇಕು. ಅರಮನೆಯವರೂ ಕೇಳ್ತಾರೇನೋ!"

ನೋಡಿದಿರಾ? ಇದೆ ಎಂದಾಗ ಅರ್ಧ ನಂಬಿದ್ದವರು ಇಲ್ಲ ಎಂದ ಮೇಲೆ ಪೂರಾ ನಂಬಿದರು. ಮೈಸೂರಿನಲ್ಲಿ ಇಲ್ಲ ಎನ್ನುವುದಕ್ಕೆ ಎಂದಾದರೂ ಇಲ್ಲ ಎಂದು ಅರ್ಥ ಉಂಟೇ? ಇನ್ನೊಂದು ಗಳಿಗೆ ಬಿಟ್ಟರೆ ಗಿರಿಜೆಯನ್ನು ಆನೆಯ ಮೇಲೆ ಕೂರಿಸಿ ಹಾಡಿಸುತ್ತಿದ್ದರು. ನಾನು ಇಳಿಸಲು ಬಂದ ಭಾರ ಕಣ್ಣೆದುರೇ ಏರುತ್ತಿತ್ತು. ತಾಳ್ಮೆ ತಪ್ಪಿತು. "ಇಲ್ಲ ಅಂದ್ರೆ ಇಲ್ಲ! ನಾನೇ ಬೇಡ ಅಂದ್ಬುಟ್ಟೆ. ಮನೆ ಸೊಸೆ ಹೋಗಿ ಪೆಟ್ಟಿಗೇಲಿ ಕೂತು ಊರಿಗೆಲ್ಲ ಕೇಳೋ ಅಂಗೆ ಕಿರುಚಾದು ಅಂದ್ರೇನು? ಮಾನಗೆಟ್ಟ ಕೆಲಸ!"

ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಒಬ್ಬರೂ ನಗಲಿಲ್ಲ. "ಹಾಗನ್ನಿ" ಎಂದರು ಸಾವಿತ್ರಮ್ಮ, ನನ್ನ ಕೈ ಬಿಟ್ಟು. ಎಲ್ಲರೂ ನಂಬಿದ್ದರು. ಒಂದೇ ಮಾತಿಗೆ, ಸಾಕ್ಷಿ ಕೇಳದೆ! ಸೊಸೆ ಸಾಧನೆಗೆ ಕೂತಾಗ ನಾನು ಒಲೆ ಊದಿದ್ದನ್ನು ಕಣ್ಣಾರೆ ಕಂಡ ಹೆಂಗಸರು ಇವರು. ನಾನು ಒಳ್ಳೆಯವಳು ಎಂದು ಇಷ್ಟು ವರ್ಷ ಅನುಮಾನದಲ್ಲೇ ಇದ್ದರು, ಕೆಟ್ಟವಳು ಎಂದ ಕೂಡಲೇ ಅವರಿಗೆ ನೆಮ್ಮದಿಯಾಯಿತು. ಆದರೂ ಕೆಲಸ ಆಯಿತಲ್ಲ. ಉಳಿದ ಕಡೆಗೆ ನಾನು ಹೋಗಬೇಕಾಗಲೇ ಇಲ್ಲ. ನನ್ನ ಜಂಭದ ಮಾತು ಊರು ಸುತ್ತಲು ನನ್ನ ಕಾಲೇ ಬೇಕಾಗಿತ್ತು, ನನ್ನ ಕೆಟ್ಟತನ ತಾನೇ ನಡೆದುಕೊಂಡು ಹೋಯಿತು.

ಎಷ್ಟು ಬೇಗ ಹೋಯಿತೆಂದರೆ, ನಾನು ಮನೆಗೆ ಬಂದು ಕಾಲು ತೊಳೆದು ಅಕ್ಕಿ ಆರಿಸಲು ಕೂರುವಷ್ಟರಲ್ಲಿ ಹಿತ್ತಿಲ ಗೋಡೆಯ ಆಚೆಯಿಂದ ನಂಜಮ್ಮನ ದನಿ ಕೇಳಿಸಿತು. ಗಿರಿಜೆ ಬಟ್ಟೆ ಒಗೆಯುತ್ತಿದ್ದಳು. "ಅಲ್ಲ ಗಿರಿಜಾ, ನಿಮ್ಮತ್ತೆ ಇಂಥೋರು ಅಂತ ಗೊತ್ತಿರ್ನಿಲ್ಲ ಕಣಮ್ಮ. ರೇಡಿಯೋಗೆ ಹೋಗ್ಬಾರ್ದು ಅಂದ್ರಂತೆ? ಮಾನಗೆಟ್ಟ ಕೆಲಸ ಅಂದ್ರಂತೆ?"

ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ನಿಂತಿತು.

"ಏನಂದ್ರಿ?"

ಅದು ಗಿರಿಜೆ. ಪಿಸುಮಾತಲ್ಲ. ಕಂಚಿನ ತಾಂಬಾಳ ತಟ್ಟಿದ ಹಾಗೆ, ಒಂದು ಅಕ್ಷರ ಒಡೆಯದೆ, "ಏನಂದ್ರಿ ನಂಜಕ್ಕ? ಬೇಡ ಅಂದ್ರಾ? ನನ್ನ ಒಂದು ಮಾತು ಕೇಳ್ದೆ?" ಎಂದಳು. ನಂಜಮ್ಮ ಇನ್ನಷ್ಟು ಸೇರಿಸಿ ಹೇಳಿದಳು, ಅವಳ ಸ್ವಭಾವ ಅದು. ಆಮೇಲೆ ಗಿರಿಜೆ ಶುರು ಮಾಡಿದಳು. "ಊರೆಲ್ಲ ಡಂಗುರ ಹೊಡೆದೋರು ಇವ್ರೇ. ಬೀದೀಲಿ ನಿಲ್ಸಿ ಮೆಣಸಿನಕಾಯಿ ಸುಟ್ಟೋರು ಇವ್ರೇ. ಈಗ ಬೇಡ ಅನ್ನೋರೂ ಇವ್ರೇನಾ? ಗಂಟಲು ನಂದಾ, ಅವ್ರುದಾ? ನಾನೇನು ಪಾತ್ರೆ ಅಂಗಡಿ ಚೊಂಬಾ, ಬೇಕಾದಾಗ ಬಾಗಿಲಲ್ಲಿ ನೇತಾಕಿ ಬೇಡ್ದಾಗ ಒಳಗಿಡಾಕೆ?" ನಾನು ಅಡಿಗೆಮನೆಯಲ್ಲಿ ಮೊರ ಹಿಡಿದುಕೊಂಡು ಕೂತಿದ್ದೆ. ಬೈಗುಳ ಏರುತ್ತ ಹೋಗಿ ಮೇಲಿನ ಷಡ್ಜಕ್ಕೆ ಮುಟ್ಟಿತು, ಅಲ್ಲಿ ನಿಂತಿತು, ನಡುಗಲಿಲ್ಲ. ಅಯ್ಯೋ, ಏನು ಸ್ವರ! ಬೈದರೂ ಶ್ರುತಿ ತಪ್ಪಲಿಲ್ಲ. ಬೇರೆ ಅತ್ತೆಯಾಗಿದ್ದರೆ ಬೈಗುಳ ಕೇಳುತ್ತಿದ್ದಳು, ನಾನು ಸಂಗೀತ ಕೇಳಿದೆ. ಇಂಥ ಸೊಸೆಯನ್ನು ಆರಿಸಿ ತಂದವಳು ನಾನು ಎಂದು ಕತ್ತು ನೆಟ್ಟಗಾಯಿತು.

ಕೈ ಒರೆಸಿಕೊಳ್ಳದೆ ಒಳಗೆ ಬಂದಳು. "ಅತ್ತೆ, ಯಾರನ್ನ ಕೇಳಿ ಬೇಡ ಅಂದ್ರಿ?"

ಆಗ ನಿಜ ಹೇಳಿಬಿಡಬೇಕೆಂದು ನಾಲಗೆ ತುದಿಗೆ ಬಂದಿತ್ತು. ಹೇಳಿದರೆ ಬಾಗಿಲು ಮತ್ತೆ ಹಾಕಿಕೊಂಡರೆ? ಮೊರದ ಮೇಲಿಂದ ಮುಖ ಎತ್ತದೆ, "ನನ್ನ ಮನೆ, ನಾನು ಅಂದೆ" ಎಂದೆ.

"ನಾನು ಹೋಗೋಳೇ."

"ಹೋಗು ನೋಡಾಣ."

"ನೋಡ್ತಾ ಇರಿ!" ಎಂದು ಶ್ರುತಿಪೆಟ್ಟಿಗೆ ಎಳೆದು ಕೂತಳು. ಸಂಜೆ ಮಾದೇವ ಬಂದಾಗ ಮನೆಯಲ್ಲಿ ಒಂದು ಕಡೆ ತೋಡಿ ರಾಗ, ಒಂದು ಕಡೆ ನನ್ನ ಗೊಣಗಾಟ. ಅವನು ನನ್ನ ಹತ್ತಿರ ಬಂದು, "ಅವ್ವ, ನೀನು ಇಷ್ಟು ಕೆಟ್ಟೋಳು ಅಂದ್ಕೊಂಡಿರಲಿಲ್ಲ" ಎಂದ. ಅವನಿಗೂ ಹೇಳಲಿಲ್ಲ. ಗಂಡಸರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದರಲ್ಲೂ ಹೆಂಡತಿ ಅಳುವಾಗ.

ಪರೀಕ್ಷೆಯ ದಿನ ಗಂಡನ ಜೊತೆ ಹೋಗಿ ಹಾಡಿ ಬಂದಳು. ಅವಳ ಗಮನವೆಲ್ಲ ನನ್ನ ಮೇಲಿನ ಹಟದಲ್ಲಿತ್ತು, ಹೆದರುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಒಪ್ಪಿಕೊಂಡರು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹಾಡು ಎಂದು ಗೊತ್ತಾಯಿತು. ನಾನು ಯಾರಿಗೂ ಹೇಳಲಿಲ್ಲ. ಆದರೆ ಈ ಸಲ ನನ್ನ ವಿರುದ್ಧ ಹೋಗುತ್ತಿದ್ದಾಳೆಂಬ ಸಂತೋಷಕ್ಕೆ ಬೀದಿಯೇ ಅವಳ ಬೆನ್ನಿಗೆ ನಿಂತಿತು. ಆ ಸಂಜೆ ಸಾವಿತ್ರಮ್ಮನವರ ಅಂಗಳ ತುಂಬಿತ್ತು. ಹೂಟಗಳ್ಳಿಯಿಂದ ನಮ್ಮ ತಮ್ಮನ ಗಾಡಿಯೂ ಬಂತು. ನನ್ನ ಮನೆಯ ಮುಂದೆ ನಿಲ್ಲದೆ ಎದುರಿಗೆ ಹೋಗಿ ನಿಂತಿತು. ನಾನು ಹಿಡಿದಿಟ್ಟ ಜಾಗದಲ್ಲಿ ಕೂತು ಹಾಡು ಕೇಳಬಾರದವಳು ಇಡೀ ಬೀದಿಯಲ್ಲಿ ನಾನೊಬ್ಬಳೇ. ಬೇಡ ಎಂದ ಅತ್ತೆ ಯಾವ ಮುಖ ಹೊತ್ತು ಹೋಗುವುದು? ನಮ್ಮ ಜಗಲಿಯ ಮೇಲೆ ರಾಗಿ ಕೇರಲು ಕೂತೆ. ಕೇರುವ ಸದ್ದಿಗೆ ಕೇಳಿಸದೆ ಹೋದೀತೆಂದು ಮೊರವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಸಾವಿತ್ರಮ್ಮನ ದನಿ ಕೇಳಿತು. "ಇನ್ನೂ ಜೋರಾಗಿ ಇಡಿ ಅಂದ್ರೆ! ಆಯಮ್ಮನ ಕಿವಿಗೆ ಬೀಳಲಿ, ಹೊಟ್ಟೆ ಉರ್ಕೊಳ್ಳಲಿ!" ಆ ತಾಯಿಗೆ ಶಿವ ಒಳ್ಳೆಯದು ಮಾಡಲಿ. ನನ್ನ ಸೊಸೆಯ ಹೆಸರು ಹೇಳಿದ್ದು, ಅವಳು ಶ್ರುತಿ ಹಿಡಿದದ್ದು, ನಂಜನಗೂಡಿನಲ್ಲಿ ನನ್ನ ಉಪ್ಪಿಟ್ಟು ನಿಲ್ಲಿಸಿದ್ದ ಆ ವಚನವನ್ನೇ ಎತ್ತಿಕೊಂಡದ್ದು, ಒಂದೊಂದು ಗಮಕವೂ ಜಗಲಿಗೆ ಬಂದು ಬಿತ್ತು. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗೆ ಇಟ್ಟುಕೊಂಡಿದ್ದೆ. ಎದುರಿನವರು ನನ್ನನ್ನೇ ನೋಡುತ್ತಿದ್ದರು. ಸೆರಗಿನೊಳಗೆ ನನ್ನ ಬೆರಳು ತಾಳ ಹಾಕುತ್ತಿದ್ದದ್ದು ಅವರಿಗೆ ಕಾಣಿಸಲಿಲ್ಲ.

ಮರುದಿನ ಬೆಳಗ್ಗೆಯಿಂದ ನನಗೆ ಬಿಕ್ಕಳಿಕೆ. ನೀರು ಕುಡಿದೆ, ಉಸಿರು ಹಿಡಿದೆ, ಸಕ್ಕರೆ ನುಂಗಿದೆ. "ಯಾರೋ ನೆನೆಸ್ಕೊಳ್ತಾವ್ರೆ" ಎಂದಳು ನಂಜಮ್ಮ, ಗೋಡೆಯಾಚೆಯಿಂದ. ನೆನೆಸಿಕೊಳ್ಳುತ್ತಿರುವವರು ಹಲ್ಲು ಕಚ್ಚಿಕೊಂಡೇ ನೆನೆಸಿಕೊಳ್ಳುತ್ತಿರಬೇಕು. ಯಾರಾದರೂ ಬಾಗಿಲಿಗೆ ಬಂದು, "ಗಿರಿಜಾ, ಧೈರ್ಯ ಮಾಡಿಬಿಟ್ಟೆ ಕಣೇ! ಅಂಥ ಅತ್ತೇನ ಇಟ್ಕೊಂಡು!" ಎಂದರೆ ಬಿಕ್ಕಳಿಕೆ ಇನ್ನೂ ಜೋರು. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಹೊಟ್ಟೆ ಒತ್ತಿ, ನಾಲಗೆ ನೋಡಿ, "ಏನಾದ್ರೂ ನುಂಗಿಕೊಂಡಿದ್ದೀರಾ?" ಎಂದರು. "ನೀವು ಕೊಟ್ಟಿದ್ದನ್ನೇ" ಎಂದು ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಬಿಕ್ಕಳಿಕೆ ನಿಂತಿತ್ತು. ಡಾಕ್ಟರು ಮೇಜು ಕುಟ್ಟಿಕೊಂಡು ನಕ್ಕು, "ಇನ್ನು ಹೇಳಬಹುದು, ಹೋಗಿ ಎಲ್ಲರಿಗೂ ಹೇಳಿ" ಎಂದರು.

ಹೇಳಿದೆ. ಯಾರು ನಂಬುತ್ತಾರೆ? "ಸೊಸೆಗೆ ಹೆಸರು ಬಂದ ಮೇಲೆ ಅತ್ತೆ ಪಾಲಿಗೆ ಬಂದ್ರು ನೋಡಿ" ಎಂದರು ಸಾವಿತ್ರಮ್ಮ. ಡಾಕ್ಟರನ್ನು ಸಾಕ್ಷಿಗೆ ಕರೆದರೆ, ರೋಗಿಯ ವಿಷಯ ಹೊರಗೆ ಆಡಬಾರದು ಎಂಬುದು ತಮ್ಮ ವೃತ್ತಿಯ ಧರ್ಮ ಎಂದುಬಿಟ್ಟರು. ಬುದ್ಧಿವಂತರನ್ನು ನಂಬಿದರೆ ಇದೇ ಗತಿ. ಗಿರಿಜೆಗೆ ಹೇಳಿದೆ. ಅವಳು ಪೂರ್ತಿ ಕೇಳಿ, ನನ್ನ ಕಾಲ ಬಳಿ ಕೂತು, ಬಹಳ ಮೃದುವಾಗಿ, "ಹೋಗ್ಲಿ ಬುಡಿ ಅತ್ತೆ. ಆದದ್ದಾಯ್ತು, ನಾನೇನೂ ಮನಸ್ಸಲ್ಲಿ ಮಡಿಕೊಂಡಿಲ್ಲ" ಎಂದಳು. ಮಾಡದ ತಪ್ಪಿಗೆ ನನ್ನ ಜೀವಮಾನದಲ್ಲಿ ಸಿಕ್ಕ ಕ್ಷಮೆ ಅದೊಂದೇ. ಅಷ್ಟು ಪ್ರೀತಿಯಿಂದ ಕ್ಷಮಿಸಿದವಳ ಜೊತೆ ಜಗಳವಾಡುವುದು ಹೇಗೆ?

ಅವಳು ಈಗ ದೊಡ್ಡ ಗಾಯಕಿ. ಬೆಂಗಳೂರಿಗೆ ಹೋಗಿಯೂ ಹಾಡಿ ಬರುತ್ತಾಳೆ. ಹೋದಲ್ಲೆಲ್ಲ, ಅತ್ತೆಯ ವಿರೋಧ ಮೆಟ್ಟಿ ನಿಂತವಳು ಎಂದು ಹೊಗಳಿ ಶಾಲು ಹೊದಿಸುತ್ತಾರೆ. ನಾನು ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತೇನೆ. ಶಾಲು ಮನೆಗೆ ಬಂದ ಮೇಲೆ ಹೊದ್ದುಕೊಳ್ಳುವುದೂ ನಾನೇ. ಆ ಗಂಟಲಿಗೆ ಔಷಧಿ ಕುಡಿದವಳು ನಾನು ತಾನೇ? ಇಲ್ಲಿಯವರೆಗೆ ಬರೆದದ್ದನ್ನು ತಪ್ಪು ತಿದ್ದಲು ಗಿರಿಜೆಗೇ ಕೊಟ್ಟೆ. ಓದಿ ನಕ್ಕಳು. "ಕತೆ ಚೆನ್ನಾಗಿ ಕಟ್ಟಿದ್ದೀರಿ ಅತ್ತೆ" ಎಂದಳು. ಬಿಕ್ಕಳಿಕೆ ಮತ್ತೆ ಶುರುವಾಗಿದೆ. ನೀವಾದರೂ ನಂಬಿ. ನಂಬದಿದ್ದರೆ ಒಂದು ಲೋಟ ನೀರಾದರೂ ಕೊಡಿ.